ಪಕ್ಕದ ಶೆಡ್‌ಗೆ ರ‍್ಯಾನ್ಸಮ್‌ವೇರ್ ಬಿದ್ದಿದೆ. ಯಂತ್ರ ಸರಿ ಇದ್ದರೂ ಕೆಲಸ ಯಾಕೆ ನಿಂತಿದೆ?

ಸುಮಾ_ಪೀಣ್ಯ

ಎಲ್ಲರಿಗೂ ನಮಸ್ಕಾರ. ನಾನು ಪೀಣ್ಯದ ಒಂದು ಸಣ್ಣ ಮೆಷಿನಿಂಗ್ ಕಾರ್ಖಾನೆಯಲ್ಲಿ ಅಕೌಂಟ್ಸ್, ಡಿಸ್ಪ್ಯಾಚ್ ಎರಡನ್ನೂ ನೋಡಿಕೊಳ್ಳುತ್ತೇನೆ. ಪಕ್ಕದ ಶೆಡ್‌ನವರದೂ ನಮ್ಮಂಥದ್ದೇ ಕೆಲಸ, ಗಾಡಿಗಳ ಬಿಡಿಭಾಗ ಮಾಡುತ್ತಾರೆ. ಅವರಿಗೆ ರ‍್ಯಾನ್ಸಮ್‌ವೇರ್ ಬಿದ್ದಿದೆ. ಅಂದರೆ ಫೈಲ್‌ಗಳಿಗೆ ಬೀಗ ಹಾಕಿ, ಬಿಡಿಸಲು ದುಡ್ಡು ಕೇಳುವ ಪ್ರೋಗ್ರಾಮ್. ಸೋಮವಾರ ಬೆಳಿಗ್ಗೆ ಬಂದು ಕಂಪ್ಯೂಟರ್ ಆನ್ ಮಾಡಿದರೆ ಪ್ರತಿ ಫೈಲಿನ ಹೆಸರಿನ ಕೊನೆಗೂ ಏನೇನೋ ಅಕ್ಷರ ಸೇರಿಕೊಂಡಿದೆಯಂತೆ, ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ತೆರೆಯುತ್ತಿಲ್ಲ, ಎಲ್ಲ ಫೋಲ್ಡರ್‌ನಲ್ಲೂ ಬಿಟ್‌ಕಾಯಿನ್ ಕೊಡಿ ಅಂತ ಒಂದು ಚೀಟಿ.

ನನಗೆ ಅರ್ಥವಾಗದೆ ಇರುವುದು ಬೇರೆ. ಪ್ರೋಗ್ರಾಮ್ ಹಾಕಿ ಓಡಿಸುವ ಅವರ ಸಿಎನ್‌ಸಿ ಯಂತ್ರಗಳಿಗೆ ಏನೂ ಆಗಿಲ್ಲ. ಕರೆಂಟ್ ಇದೆ, ಆಪರೇಟರ್‌ಗಳು ದಿನಾ ಬರುತ್ತಿದ್ದಾರೆ, ಸ್ಟೋರ್‌ನಲ್ಲಿ ಸ್ಟೀಲ್ ರಾಡ್ ಬಿದ್ದಿದೆ. ಆದರೂ ಬಂದವರು ಟೀ ಕುಡಿದು, ಶೆಡ್ ಗುಡಿಸಿ, ಸಂಜೆ ಮನೆಗೆ ಹೋಗುತ್ತಿದ್ದಾರೆ. ಒಂದು ಲಾರಿಯೂ ಹೊರಟಿಲ್ಲ. ಆಫೀಸಿನ ಒಂದು ಕಂಪ್ಯೂಟರ್‌ಗೆ ಬೀಗ ಬಿದ್ದರೆ ಇಡೀ ಕಾರ್ಖಾನೆ ನಿಲ್ಲುವುದು ಹೇಗೆ?

ನಮ್ಮ ಯಜಮಾನರು "ನಾವು ಸಣ್ಣವರು, ನಮ್ಮ ಹತ್ತಿರ ಕದಿಯೋಕೆ ಏನಿದೆ" ಅನ್ನುತ್ತಾರೆ. ನಮ್ಮಲ್ಲಿರುವುದು ಒಂದೇ ಸರ್ವರ್. ಟ್ಯಾಲಿ, ಡ್ರಾಯಿಂಗ್, ಎಲ್ಲ ಅದರಲ್ಲೇ. ಬ್ಯಾಕಪ್ ಅಂತ ಒಂದು ಹಾರ್ಡ್‌ಡಿಸ್ಕ್ ಇದೆ, ಅದು ಯಾವಾಗಲೂ ಸರ್ವರ್‌ಗೇ ಚುಚ್ಚಿಕೊಂಡಿರುತ್ತದೆ. ಯಜಮಾನರು ಮನೆಯಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಲೆಕ್ಕ ನೋಡುತ್ತಾರೆ. ನಮಗೂ ಹೀಗೆ ಆದರೆ ಏನು ಮಾಡಬೇಕು? ದುಡ್ಡು ಕೊಟ್ಟರೆ ಬಿಡುತ್ತಾರಾ? ದಯವಿಟ್ಟು ಗೊತ್ತಿರುವವರು ಹೇಳಿ. ನಿಜಕ್ಕೂ ಭಯ ಆಗಿದೆ.

ಟೂಲ್‌ರೂಮ್_ತುಮಕೂರು

ಸುಮಾ ಮೇಡಂ, ಶಾಪ್‌ಫ್ಲೋರ್‌ನಲ್ಲೇ ಬೆಳೆದವನು ನಾನು, ಆ ಕಡೆಯಿಂದ ಹೇಳುತ್ತೇನೆ.

ಒಂದೇ ಒಂದು ಶಾಫ್ಟ್ ತೆಗೆದುಕೊಳ್ಳಿ. ಅದನ್ನು ಕೆತ್ತಲು ಯಂತ್ರಕ್ಕೆ ಪ್ರೋಗ್ರಾಮ್ ಬೇಕು. ಹಳೆಯ ಸಿಎನ್‌ಸಿಗಳ ಮೆಮೊರಿ ಕಡಿಮೆ. ಹಾಗಾಗಿ ದೊಡ್ಡ ಪ್ರೋಗ್ರಾಮ್‌ಗಳು ಕಂಪ್ಯೂಟರ್‌ನಲ್ಲೇ ಇರುತ್ತವೆ, ಕೆಲಸ ಬಂದಾಗ ಕೇಬಲ್‌ನಲ್ಲಿ ಕಳಿಸುತ್ತೇವೆ. ಸರಿ, ಅದೃಷ್ಟಕ್ಕೆ ಈ ಶಾಫ್ಟಿನ ಪ್ರೋಗ್ರಾಮ್ ಯಂತ್ರದೊಳಗೇ ಇದೆ ಅಂತಿಟ್ಟುಕೊಳ್ಳೋಣ. ಡ್ರಾಯಿಂಗ್‌ನ ಯಾವ ರಿವಿಷನ್‌ಗೆ ಬರೆದ ಪ್ರೋಗ್ರಾಮ್ ಅದು? ಕಸ್ಟಮರ್ ಒಂದು ಡಯಾಮೀಟರ್‌ನಲ್ಲಿ ಟಾಲರೆನ್ಸ್, ಅಂದರೆ ಅಳತೆ ಎಷ್ಟು ಹೆಚ್ಚು ಕಡಿಮೆ ಆಗಬಹುದು ಅನ್ನುವುದನ್ನು, ಬದಲಾಯಿಸಿ ಕಳಿಸಿದ ಮೇಲ್ ಆ ಬೀಗ ಬಿದ್ದ ಕಂಪ್ಯೂಟರ್‌ನಲ್ಲಿದೆ. ಗೊತ್ತಿಲ್ಲದೆ ಹಳೇ ರಿವಿಷನ್‌ನಲ್ಲಿ ಐನೂರು ಪೀಸ್ ಹೊಡೆದರೆ ಐನೂರೂ ಸ್ಕ್ರ್ಯಾಪ್. ಇಷ್ಟು ದಾಟಿದರೂ ಈ ವಾರ ಎಷ್ಟು ಬೇಕು, ಯಾರಿಗೆ ಮೊದಲು ಅನ್ನುವ ಆರ್ಡರ್ ಶೀಟ್ ಇಲ್ಲ. ಪೀಸ್ ಅಳೆದರೂ ಇನ್‌ಸ್ಪೆಕ್ಷನ್ ರಿಪೋರ್ಟ್ ಫಾರ್ಮ್ಯಾಟ್ ಇಲ್ಲ. ರಿಪೋರ್ಟ್ ಇಲ್ಲದೆ ಕಸ್ಟಮರ್‌ನ ಗೇಟ್ ಒಳಗೆ ಮಾಲು ಹೋಗುವುದಿಲ್ಲ. ಬಿಲ್ ಇಲ್ಲದೆ, ಮಾಲು ಸಾಗಿಸಲು ಬೇಕಾದ ಇ-ವೇ ಬಿಲ್ ಇಲ್ಲದೆ ನಿಮ್ಮ ಗೇಟ್‌ನಿಂದ ಹೊರಗೂ ಹೋಗುವುದಿಲ್ಲ. ಯಂತ್ರ ಓಡಿಸಲು ನಿಮ್ಮ ಪಕ್ಕದವರಿಗೆ ಬರುತ್ತದೆ. ಏನು, ಎಷ್ಟು, ಯಾರಿಗೆ ಅನ್ನುವುದೇ ಕೈ ತಪ್ಪಿದೆ.

ದೊಡ್ಡವರಿಗೂ ಇದೇ ಆಗಿದೆ. 2021ರ ಮೇ 7ರಂದು ಅಮೆರಿಕದ ಕೊಲೋನಿಯಲ್ ಪೈಪ್‌ಲೈನ್ ಮೇಲೆ ದಾಳಿಯಾಯಿತು. ಆ ದೇಶದ ಪೂರ್ವ ಕರಾವಳಿಗೆ ಬೇಕಾದ ಇಂಧನದಲ್ಲಿ ಹತ್ತಿರ ಹತ್ತಿರ ಅರ್ಧ ಅದೇ ಪೈಪಿನಲ್ಲಿ ಹೋಗುತ್ತದೆ. ದಾಳಿ ಬಿದ್ದದ್ದು ಆಫೀಸಿನ ಕಂಪ್ಯೂಟರ್‌ಗಳಿಗೆ. ಪಂಪ್ ನಡೆಸುವ ವ್ಯವಸ್ಥೆ ಸರಿಯಾಗೇ ಇತ್ತು. ಅಲ್ಲಿಗೂ ಹರಡಿಬಿಟ್ಟರೆ ಅಂತ ಕಂಪನಿಯವರೇ ಪೈಪ್‌ಲೈನ್ ನಿಲ್ಲಿಸಿದರು. ಮತ್ತೆ ಶುರುವಾದದ್ದು ಮೇ 12ಕ್ಕೆ. ಅಷ್ಟರಲ್ಲಿ ಪೆಟ್ರೋಲ್ ಬಂಕ್‌ಗಳಲ್ಲಿ ಸಾಲೋ ಸಾಲು, ಎಷ್ಟೋ ಬಂಕ್ ಖಾಲಿ.

ನಮ್ಮಂಥ ಸಪ್ಲೈಯರ್‌ಗಳಿಗೆ ಇನ್ನೂ ಹತ್ತಿರದ ಉದಾಹರಣೆ ಅಂದರೆ ಟಾಟಾ ಮೋಟಾರ್ಸ್ ಒಡೆತನದ ಜಾಗ್ವಾರ್ ಲ್ಯಾಂಡ್ ರೋವರ್. 2025ರಲ್ಲಿ ಸೈಬರ್ ದಾಳಿಯಾಗಿ ಅದರ ಬ್ರಿಟನ್ ಕಾರ್ಖಾನೆಗಳು ಸೆಪ್ಟೆಂಬರ್ ಪೂರ್ತಿ ನಿಂತವು, ಅಕ್ಟೋಬರ್‌ನಲ್ಲಿ ಒಂದೊಂದಾಗಿ ಶುರುವಾದವು. ಅವರಿಗೆ ಬಿಡಿಭಾಗ ಕೊಡುವ ಸಣ್ಣ ಕಂಪನಿಗಳ ಕಂಪ್ಯೂಟರ್‌ಗೆ ಏನೂ ಆಗಿರಲಿಲ್ಲ, ಆದರೂ ಆರ್ಡರ್ ಇಲ್ಲದೆ ಕೈಕಟ್ಟಿ ಕೂತರು. ಕೊನೆಗೆ ಅಲ್ಲಿನ ಸರಕಾರ 150 ಕೋಟಿ ಪೌಂಡ್ ಸಾಲಕ್ಕೆ ಗ್ಯಾರಂಟಿ ನಿಲ್ಲಬೇಕಾಯಿತು. ನಿಮ್ಮ ಪಕ್ಕದವರ ಮಾಲಿಗೆ ಕಾಯುತ್ತಿರುವ ಅಸೆಂಬ್ಲಿ ಲೈನ್‌ನವರೂ ಈಗ ಅವರಿಗೆ ದಿನಾ ಫೋನ್ ಮಾಡುತ್ತಿರುತ್ತಾರೆ, ಅಲ್ವಾ?

ಹುಬ್ಬಳ್ಳಿ_ಸಿಸ್ಟಮ್ಸ್

ಸುಮಾ ಅವರೇ, ಮೊದಲು ನಿಮ್ಮ ಯಜಮಾನರಿಗೆ ಒಂದು ಮಾತು ಹೇಳ್ರಿ. ನಾನು ಸಣ್ಣ ಆಫೀಸುಗಳ ನೆಟ್‌ವರ್ಕ್ ನೋಡಿಕೊಳ್ಳುವವನು. ನಿಮ್ಮ ಫೈಲ್ ದಾಳಿ ಮಾಡುವವನಿಗೆ ಬೇಕಾಗಿಲ್ಲ. ನಿಮಗೆ ಬೇಕಲ್ಲ, ಅದೇ ಅವನ ವ್ಯಾಪಾರ. ಅವನು ನಿಮ್ಮ ಕಂಪನಿ ಹೆಸರು ನೋಡಿ ಬರುವುದೂ ಇಲ್ಲ. ಇಂಟರ್ನೆಟ್‌ಗೆ ತೆರೆದುಕೊಂಡಿರುವ ರಿಮೋಟ್ ಡೆಸ್ಕ್‌ಟಾಪ್ ಎಲ್ಲೆಲ್ಲಿ ಇದೆ ಅಂತ ಹುಡುಕುವ ಪ್ರೋಗ್ರಾಮ್‌ಗಳು ಹಗಲು ರಾತ್ರಿ ಓಡುತ್ತಿರುತ್ತವೆ. ಸಿಕ್ಕ ಕಡೆಯೆಲ್ಲ ಪಾಸ್‌ವರ್ಡ್ ಒಂದಾದ ಮೇಲೆ ಒಂದು ಹಾಕಿ ನೋಡುತ್ತವೆ. ನೀವು ಬರೆದಿರುವ ಸೆಟಪ್ ಓದಿದರೆ ನಿಮ್ಮದೂ ಆ ಪಟ್ಟಿಯಲ್ಲಿ ಇರಬಹುದು ಅಂತ ನನಗೆ ಆತಂಕ. ರಿಮೋಟ್ ಡೆಸ್ಕ್‌ಟಾಪ್‌ಗೆ ಒಳಬರುವ ಬಾಗಿಲು, ಅಂದರೆ ಪೋರ್ಟ್ 3389, ಹೊರಗಿನಿಂದ ತೆರೆದಿದ್ದರೆ ಇವತ್ತೇ ಮುಚ್ಚಿಸಿ. ಪೋರ್ಟ್ ನಂಬರ್ ಬದಲಾಯಿಸಿದರೆ ಸಾಕು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಮನೆಯಿಂದ ನೋಡಲೇಬೇಕು ಅಂದರೆ ನಿಮ್ಮವರಿಗೆ ಮಾತ್ರ ಇರುವ ಗುಪ್ತ ದಾರಿ, ಅಂದರೆ ವಿಪಿಎನ್, ಹಾಕಿಸಿ, ಅದಕ್ಕೆ ಪಾಸ್‌ವರ್ಡ್ ಜೊತೆ ಮೊಬೈಲ್ ಓಟಿಪಿಯೂ ಇರಲಿ.

ಎರಡನೆಯದು ಆ ಹಾರ್ಡ್‌ಡಿಸ್ಕ್. ಚುಚ್ಚಿಕೊಂಡೇ ಇರುವ ಡಿಸ್ಕ್ ಸರ್ವರ್‌ಗೆ ಇನ್ನೊಂದು ಡ್ರೈವ್ ಅಷ್ಟೇ. ಒಳಗೆ ಬಂದವನು ಅದನ್ನೂ ಲಾಕ್ ಮಾಡುತ್ತಾನೆ. ನಿಜ ಹೇಳಬೇಕೆಂದರೆ ಈ ಗ್ಯಾಂಗ್‌ಗಳು ಮೊದಲು ಹುಡುಕುವುದೇ ಬ್ಯಾಕಪ್. ವಿಂಡೋಸ್ ತಾನಾಗಿ ಇಟ್ಟುಕೊಂಡಿರುವ ಹಳೇ ಪ್ರತಿಗಳನ್ನು ಅಳಿಸಿ, ಆಮೇಲೆ ಬೀಗ ಹಾಕುತ್ತಾರೆ. ಎರಡು ಡಿಸ್ಕ್ ಇಟ್ಟುಕೊಳ್ಳಿ. ಒಂದು ಬ್ಯಾಕಪ್ ಆದ ತಕ್ಷಣ ಕಿತ್ತು ಬೀರುವಿಗೆ, ಇನ್ನೊಂದು ಯಜಮಾನರ ಮನೆಗೆ. ವಾರಕ್ಕೊಮ್ಮೆ ಅದಲು ಬದಲು.

ಕಿತ್ತಿಟ್ಟ ಯಂತ್ರ ಎಷ್ಟು ದೊಡ್ಡ ಕೆಲಸಕ್ಕೆ ಬರುತ್ತದೆ ಅನ್ನುವುದಕ್ಕೆ ಒಂದು ಘಟನೆ ಹೇಳುತ್ತೇನೆ. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಅನ್ನುವುದು ಹರಡಿತು. ಹಣ ಕೇಳುವ ಚೀಟಿ ತೋರಿಸುತ್ತಿತ್ತು, ಆದರೆ ಹಣ ಕೊಟ್ಟರೂ ಫೈಲ್ ವಾಪಸ್ ಬರುವ ದಾರಿಯೇ ಅದರಲ್ಲಿ ಇರಲಿಲ್ಲ. ಹಡಗು ಕಂಪನಿ ಮೇರ್ಸ್ಕ್ ಪೂರ್ತಿ ಮಲಗಿತು. ನಮ್ಮ ಮುಂಬೈ ಹತ್ತಿರದ ಜೆಎನ್‌ಪಿಟಿ ಬಂದರಿನಲ್ಲಿ ಅವರು ನಡೆಸುವ ಟರ್ಮಿನಲ್‌ಗೂ ಪೆಟ್ಟು ಬಿತ್ತು. ಯಾವ ಬಳಕೆದಾರ ಯಾರು, ಯಾರಿಗೆ ಏನು ಅನುಮತಿ ಅಂತ ಇಟ್ಟುಕೊಳ್ಳುವ ಅವರ ಡೊಮೈನ್ ಕಂಟ್ರೋಲರ್‌ಗಳು ಜಗತ್ತಿನ ಎಲ್ಲ ಕಡೆ ಒಟ್ಟಿಗೆ ಹೋದವು. ಒಂದು ಮಾತ್ರ ಉಳಿಯಿತು. ಘಾನಾ ದೇಶದಲ್ಲಿ. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು, ಆದ್ದರಿಂದ ಅದು ನೆಟ್‌ವರ್ಕ್‌ನಲ್ಲೇ ಇರಲಿಲ್ಲ! ಆ ಒಂದು ಪ್ರತಿಯಿಂದ ಮತ್ತೆ ಕಟ್ಟಿದರು. 4,000 ಸರ್ವರ್, 45,000 ಕಂಪ್ಯೂಟರ್ ಹೊಸದಾಗಿ ಇನ್‌ಸ್ಟಾಲ್ ಮಾಡಿದರು, ಅದೂ ಹತ್ತು ದಿನದಲ್ಲಿ. ಅಷ್ಟು ಜನ, ಅಷ್ಟು ದುಡ್ಡು ಇದ್ದವರಿಗೇ ಹತ್ತು ದಿನ.

ಬ್ಯಾಕಪ್ ಇದ್ದರೂ ಅಷ್ಟು ದಿನ ಯಾಕೆ ಬೇಕು ಅಂತ ನನ್ನನ್ನು ಎಲ್ಲರೂ ಕೇಳುತ್ತಾರೆ. ಫೈಲ್ ವಾಪಸ್ ಹಾಕುವುದು ಕೊನೆಯ ಕೆಲಸ. ಅವನು ಯಾವ ಬಾಗಿಲಿನಿಂದ ಬಂದ, ಇನ್ನೂ ಯಾವ ಕಂಪ್ಯೂಟರ್‌ನಲ್ಲಿ ಕೂತಿದ್ದಾನೆ ಅಂತ ಗೊತ್ತಾಗದೆ ಫೈಲ್ ಹಾಕಿದರೆ ಮತ್ತೆ ಲಾಕ್ ಆಗುತ್ತದೆ. ಅಮೆರಿಕದಲ್ಲಿ ಆಸ್ಪತ್ರೆ ಮತ್ತು ಔಷಧಿ ಅಂಗಡಿಗಳ ಬಿಲ್ ನೋಡಿಕೊಳ್ಳುವ ಚೇಂಜ್ ಹೆಲ್ತ್‌ಕೇರ್ ಅಂತ ಕಂಪನಿ ಇದೆ. 2024ರ ಫೆಬ್ರವರಿ 12ಕ್ಕೇ ಒಳಗೆ ಬಂದಿದ್ದರು, ಬೀಗ ಹಾಕಿದ್ದು 21ಕ್ಕೆ. ಒಂಬತ್ತು ದಿನ ಒಳಗೇ ಓಡಾಡಿದ್ದಾರೆ. ಬಂದ ದಾರಿ ಒಂದು ರಿಮೋಟ್ ಲಾಗಿನ್, ಅದಕ್ಕೆ ಓಟಿಪಿಯಂಥ ಎರಡನೇ ಹಂತದ ಪರೀಕ್ಷೆ ಇರಲಿಲ್ಲ. ನಿಮ್ಮ ಯಜಮಾನರ ರಿಮೋಟ್ ಡೆಸ್ಕ್‌ಟಾಪ್ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದು ಇದಕ್ಕೇ.

ಗಿರೀಶ_ಟ್ರೇಡರ್ಸ್

ಎಲ್ಲ ಸರಿ ಸಾರ್. ಆದರೆ ಪಕ್ಕದ ಶೆಡ್‌ನವರ ಜಾಗದಲ್ಲಿ ನಾನಿದ್ದರೆ ದುಡ್ಡು ಕೊಟ್ಟು ಮುಗಿಸುತ್ತಿದ್ದೆ. ದಾವಣಗೆರೆಯಲ್ಲಿ ನನ್ನದು ಮೆಕ್ಕೆಜೋಳದ ವ್ಯಾಪಾರ. ಸೀಸನ್‌ನಲ್ಲಿ ಒಂದು ದಿನ ಬಿಲ್ ನಿಂತರೆ ರೈತರು ಬಾಗಿಲಲ್ಲಿ ನಿಂತಿರುತ್ತಾರೆ, ಹಮಾಲರಿಗೆ ಸಂಜೆಯೇ ಕೂಲಿ ಕೊಡಬೇಕು, ಬ್ಯಾಂಕಿನ ಕಂತು ಯಾರಿಗೂ ಕಾಯುವುದಿಲ್ಲ. ದುಡ್ಡು ಕೊಡಬೇಡಿ ಅನ್ನುವವರು ನಮ್ಮ ಸಂಬಳ ಬಟವಾಡೆ ಮಾಡಲು ಬರುತ್ತಾರಾ? ತತ್ವ ಹೇಳುವುದು ಸುಲಭ.

ಹುಬ್ಬಳ್ಳಿ_ಸಿಸ್ಟಮ್ಸ್

ಗಿರೀಶ ಅವರೇ, ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ತತ್ವ ಪಕ್ಕಕ್ಕಿಡೋಣ, ಲೆಕ್ಕವನ್ನೇ ನೋಡೋಣ.

ಕೊಲೋನಿಯಲ್‌ನವರು 75 ಬಿಟ್‌ಕಾಯಿನ್ ಕೊಟ್ಟರು, ಆಗಿನ ಬೆಲೆಗೆ ಸುಮಾರು 44 ಲಕ್ಷ ಡಾಲರ್. ಬಿಡಿಸುವ ಪ್ರೋಗ್ರಾಮ್ ಕೈಗೆ ಬಂತು. ಅದು ಎಷ್ಟು ನಿಧಾನ ಅಂದರೆ ಅವರು ತಮ್ಮ ಬ್ಯಾಕಪ್‌ನಿಂದಲೇ ಕೆಲಸ ಮುಂದುವರಿಸಬೇಕಾಯಿತು. ಚೇಂಜ್ ಹೆಲ್ತ್‌ಕೇರ್ ಕಡೆಯಿಂದ 2.2 ಕೋಟಿ ಡಾಲರ್ ಹೋಯಿತು. ಹಣ ತೆಗೆದುಕೊಂಡ ಗ್ಯಾಂಗ್‌ನ ಮುಖ್ಯಸ್ಥರು ದಾಳಿ ಮಾಡಿದ ತಮ್ಮವನಿಗೇ ಪಾಲು ಕೊಡದೆ ಅಂಗಡಿ ಮುಚ್ಚಿಕೊಂಡು ಹೋದರು. ಕದ್ದ ಮಾಹಿತಿ ನಮ್ಮ ಹತ್ತಿರ ಇದೆ ಅಂತ ಇನ್ನೊಂದು ಗ್ಯಾಂಗ್ ಬಂದು ಮತ್ತೆ ಹಣ ಕೇಳಿತು. ಅಂದರೆ ಕೊಟ್ಟ ಮೇಲೂ ಮುಗಿಯಲಿಲ್ಲ. ಈಗಿನ ಗ್ಯಾಂಗ್‌ಗಳು ಬೀಗ ಹಾಕುವ ಮೊದಲು ಫೈಲ್‌ಗಳ ಪ್ರತಿ ತೆಗೆದುಕೊಂಡು ಹೋಗುತ್ತವೆ. ಬೀಗ ತೆಗೆಸಿಕೊಂಡರೂ ಆ ಪ್ರತಿ ಅವರಲ್ಲೇ ಉಳಿಯುತ್ತದೆ.

ಕೊಡದೆ ಗೆದ್ದವರೂ ಇದ್ದಾರೆ. ನಾರ್ವೆಯ ಅಲ್ಯೂಮಿನಿಯಂ ಕಂಪನಿ ನಾರ್ಸ್ಕ್ ಹೈಡ್ರೊ, 2019ರ ಮಾರ್ಚ್. ಕೆಲಸಗಾರರು ಬೆಳಿಗ್ಗೆ ಬಂದರೆ ಬಾಗಿಲಲ್ಲಿ ಕಾಗದ ಅಂಟಿಸಿದ್ದರು, ಯಾವ ಸಾಧನವನ್ನೂ ನೆಟ್‌ವರ್ಕ್‌ಗೆ ಸೇರಿಸಬೇಡಿ ಅಂತ. ಒಂದು ಪೈಸೆ ಕೊಡುವುದಿಲ್ಲ ಅಂತ ಮೊದಲೇ ತೀರ್ಮಾನಿಸಿ ಬಹಿರಂಗವಾಗಿ ಹೇಳಿದರು. ಹಾಳೆ ಪೆನ್ನು ಹಿಡಿದು ಕಾರ್ಖಾನೆ ನಡೆಸಿದರು. ಕಂಪ್ಯೂಟರ್ ಇಲ್ಲದ ಕಾಲದ ಕೆಲಸ ಗೊತ್ತಿದ್ದ ನಿವೃತ್ತರೂ ಸಹಾಯಕ್ಕೆ ಬಂದರು. ನಷ್ಟ ದೊಡ್ಡದೇ ಆಯಿತು, ಅದನ್ನು ಮುಚ್ಚಿಡಲಿಲ್ಲ. ಅವರಿಗೆ ಸಾಧ್ಯವಾಗಿದ್ದು ಬ್ಯಾಕಪ್ ಇತ್ತು, ಕೈಯಲ್ಲಿ ನಡೆಸುವ ಜನ ಇದ್ದರು ಅಂತ. ಬ್ಯಾಕಪ್ ಇಲ್ಲದವನಿಗೆ ನಾನು ಸುಮ್ನೆ "ಕೊಡಬೇಡ" ಅಂತ ಹೇಳಿ ಹೋಗುವುದಿಲ್ಲ. ಆದರೆ ಕೊಡುವ ಮೊದಲು ಮಾಡಬೇಕಾದ್ದು ಇದೆ.

ಸುಮಾ ಅವರೇ, ಇದನ್ನು ಪಕ್ಕದವರಿಗೂ ತೋರಿಸಿ. ಎಲ್ಲ ಕಂಪ್ಯೂಟರ್‌ಗಳ ನೆಟ್‌ವರ್ಕ್ ಕೇಬಲ್ ಕಿತ್ತು ವೈಫೈ ಆರಿಸಬೇಕು. ಗಾಬರಿಯಲ್ಲಿ ಫಾರ್ಮ್ಯಾಟ್ ಹೊಡೆಯಬಾರದು, ಇದು ತುಂಬಾ ಮುಖ್ಯ. ಲಾಕ್ ಆದ ಫೈಲ್‌ಗಳನ್ನೂ ಆ ಚೀಟಿಯನ್ನೂ ಹಾಗೇ ಇಟ್ಟುಕೊಳ್ಳಬೇಕು. ನೋ ಮೋರ್ ರ‍್ಯಾನ್ಸಮ್ ಅಂತ ಒಂದು ವೆಬ್‌ಸೈಟ್ ಇದೆ. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್, ನೆದರ್ಲೆಂಡ್ಸ್ ಪೊಲೀಸ್ ಮತ್ತು ಆಂಟಿವೈರಸ್ ಕಂಪನಿಗಳು ಸೇರಿ 2016ರಲ್ಲಿ ಶುರು ಮಾಡಿದ್ದು. ಅಲ್ಲಿ ಒಂದು ಲಾಕ್ ಆದ ಫೈಲ್ ಹಾಕಿದರೆ ಯಾವ ತಳಿ ಅಂತ ಹೇಳುತ್ತದೆ, ಕೆಲವಕ್ಕೆ ಪುಕ್ಕಟೆ ಬಿಡಿಸುವ ಸಾಧನವೂ ಇದೆ. ಇವತ್ತು ಇಲ್ಲದಿದ್ದರೂ ಮುಂದೆ ಬರಬಹುದು, ಅದಕ್ಕೇ ಡಿಸ್ಕ್ ಎಸೆಯಬೇಡಿ ಅನ್ನುವುದು. ಸೈಬರ್ ಅಪರಾಧ ನೋಡುವ ಹತ್ತಿರದ ಸೆನ್ ಪೊಲೀಸ್ ಠಾಣೆಯಲ್ಲಿ ದೂರು ಕೊಡಲಿ. 2022ರ ನಿಯಮದ ಪ್ರಕಾರ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೂ ತಿಳಿಸಬೇಕು. ಅವರು ಇನ್ನೂ ತಿಳಿಸಿಲ್ಲದಿದ್ದರೆ ಈಗಲಾದರೂ ತಿಳಿಸಲಿ.

ಲ್ಯಾಬ್_ಕುಡ್ಲ

ನಾನು ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ ಮಾಡುವವಳು. ಕಾರ್ಖಾನೆ ನಿಂತರೆ ದುಡ್ಡು ಹೋಗುತ್ತದೆ, ನಮ್ಮಲ್ಲಿ ಜೀವದ ಪ್ರಶ್ನೆ, ಅದಕ್ಕೇ ಬರೆಯಬೇಕು ಅನ್ನಿಸಿತು.

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆ ಮೇಲೆ ದಾಳಿಯಾದದ್ದು ನಿಮಗೆಲ್ಲ ನೆನಪಿರಬಹುದು. ಐದು ಸರ್ವರ್, ಸುಮಾರು 1.3 ಟೆರಾಬೈಟ್ ಮಾಹಿತಿ ಲಾಕ್ ಆಗಿತ್ತು ಅಂತ ಆಮೇಲೆ ಸರಕಾರ ಸಂಸತ್ತಿಗೆ ಹೇಳಿತು. ನೆಟ್‌ವರ್ಕನ್ನು ಸರಿಯಾಗಿ ಭಾಗ ಮಾಡಿರಲಿಲ್ಲ ಅನ್ನುವುದೂ ಆ ಉತ್ತರದಲ್ಲೇ ಇತ್ತು. ಹೊರರೋಗಿ ನೋಂದಣಿ, ಅಡ್ಮಿಷನ್, ಬಿಲ್, ರಿಪೋರ್ಟ್ ಎಲ್ಲ ಕೈಬರಹಕ್ಕೆ ಬಂತು. ದಾಳಿಗೆ ಸಿಗದ ಒಂದು ಬ್ಯಾಕಪ್ ಸರ್ವರ್‌ನಿಂದ ಮಾಹಿತಿ ವಾಪಸ್ ಸಿಕ್ಕಿತು. ಆದರೂ ಮುಖ್ಯ ಸೇವೆಗಳು ಮರಳಿ ಬರಲು ಎರಡು ವಾರ ಹಿಡಿಯಿತು, ಮೇಲೆ ಸಿಸ್ಟಮ್ಸ್‌ನವರು ಹೇಳಿದ ಕಾರಣಕ್ಕೇ, ಇಡೀ ನೆಟ್‌ವರ್ಕ್ ಶುದ್ಧ ಮಾಡಬೇಕಿತ್ತು.

ಕೈಬರಹ ಅಂದರೆ ಏನು ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಮಾಮೂಲಿ ದಿನದಲ್ಲಿ ರಕ್ತದ ಟ್ಯೂಬಿಗೆ ಬಾರ್‌ಕೋಡ್ ಅಂಟಿಸುತ್ತೇವೆ. ಯಂತ್ರ ಓದುತ್ತದೆ, ಯಾವ ಪರೀಕ್ಷೆ ಅಂತ ಅದಕ್ಕೇ ಗೊತ್ತಿರುತ್ತದೆ, ಫಲಿತಾಂಶ ನೇರ ವಾರ್ಡಿನ ಕಂಪ್ಯೂಟರ್‌ಗೆ ಹೋಗುತ್ತದೆ. ಸಾಫ್ಟ್‌ವೇರ್ ಹೋದ ದಿನ ಪ್ರತಿ ಟ್ಯೂಬಿನ ಮೇಲೂ ಮಾರ್ಕರ್‌ನಲ್ಲಿ ಹೆಸರು, ವಯಸ್ಸು, ವಾರ್ಡ್ ಬರೆಯಬೇಕು. ಫ್ರಿಜ್‌ನಿಂದ ತೆಗೆದ ಟ್ಯೂಬ್ ಬೆವರಿ ಶಾಯಿ ಕಲಸಿಹೋಗುತ್ತದೆ. ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಿ ಇರುತ್ತಾರೆ. ಪೊಟ್ಯಾಸಿಯಂ ತೀರಾ ಜಾಸ್ತಿ ಬಂದರೆ ಕಂಪ್ಯೂಟರ್ ಕೆಂಪಗೆ ತೋರಿಸುತ್ತಿತ್ತು, ಈಗ ನಾವೇ ಗಮನಿಸಿ ಫೋನ್ ಮಾಡಬೇಕು, ಆ ಕಡೆಯವರು ಕೇಳಿದ್ದನ್ನು ತಿರುಗಿ ಹೇಳಬೇಕು. ಹಿಂದಿನ ವಾರದ ರಿಪೋರ್ಟ್ ಎಷ್ಟಿತ್ತು ಅಂತ ಡಾಕ್ಟರ್ ಕೇಳಿದರೆ ನಮ್ಮ ಹತ್ತಿರ ಉತ್ತರ ಇರುವುದಿಲ್ಲ. ನಮ್ಮಲ್ಲಿ ಸರ್ವರ್ ಕೆಟ್ಟಾಗ ಇಷ್ಟೆಲ್ಲ ಅನುಭವಿಸಿದ್ದೇವೆ, ಅದು ದಾಳಿಯೂ ಅಲ್ಲ, ಸಾಮಾನ್ಯ ರಿಪೇರಿ. ಎರಡು ವಾರ ಹೀಗೇ ನಡೆಸಿದ ಏಮ್ಸ್ ಸಿಬ್ಬಂದಿಗೆ ನನ್ನ ಗೌರವ.

ಈಗ ಇಂಥ ದಿನಕ್ಕೆ ಅಂತ ಮೊದಲೇ ಪ್ರಿಂಟ್ ಮಾಡಿದ ಫಾರ್ಮ್‌ಗಳು, ವಾರ್ಡಿನ ಫೋನ್ ನಂಬರ್ ಪಟ್ಟಿ ಒಂದು ಕೆಂಪು ಫೈಲಿನಲ್ಲಿ ಇಟ್ಟಿದ್ದೇವೆ. ಹೊಸಬರಿಗೆ ಅದರಲ್ಲೇ ತರಬೇತಿ. ಮೇಡಂ, ನಿಮ್ಮ ಕಾರ್ಖಾನೆಯಲ್ಲೂ ಜಾಬ್ ಕಾರ್ಡ್, ಇನ್‌ಸ್ಪೆಕ್ಷನ್ ರಿಪೋರ್ಟ್, ಚಲನ್ ಎಲ್ಲದರ ಖಾಲಿ ಪ್ರತಿ ಪ್ರಿಂಟ್ ತೆಗೆದು ಇಡಿ. ಖರ್ಚು ಏನೂ ಇಲ್ಲ.

ಸುಮಾ_ಪೀಣ್ಯ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಿಸ್ಟಮ್ಸ್ ಸಾರ್ ಬರೆದದ್ದನ್ನು ಯಜಮಾನರಿಗೆ ಪೂರ್ತಿ ಓದಿ ಹೇಳಿದೆ. ರಿಮೋಟ್ ಡೆಸ್ಕ್‌ಟಾಪ್ ಮುಚ್ಚಿಸಿದ್ದಾರೆ, ಎರಡನೇ ಡಿಸ್ಕ್ ತರಲೂ ಒಪ್ಪಿದ್ದಾರೆ. ಪಕ್ಕದವರು ಫಾರ್ಮ್ಯಾಟ್ ಮಾಡುವುದರಲ್ಲೇ ಇದ್ದರು, ಸದ್ಯ ನಿಲ್ಲಿಸಿದ್ದಾರೆ.

ಒಂದು ಪ್ರಶ್ನೆ ಉಳಿದಿದೆ. ಅವರ ಟ್ಯಾಲಿ ಸಿಗದೇ ಹೋದರೆ ಲೆಕ್ಕ ಹೇಗೆ ಕಟ್ಟುವುದು? ಕೊನೆಯ ಬಿಲ್ ನಂಬರ್ ಯಾವುದು ಅಂತಲೂ ಅವರ ಅಕೌಂಟ್ಸ್ ಹುಡುಗನಿಗೆ ನೆನಪಿಲ್ಲ. ಅದಕ್ಕೇ ಬಿಲ್ ಮಾಡಲು ಹೆದರಿ ಕೂತಿದ್ದಾನೆ. ರೆಡಿ ಇರುವ ಮಾಲು ಕೂಡ ಹೋಗುತ್ತಿಲ್ಲ.

ತೆರಿಗೆ_ಮೈಸೂರು

ಸುಮಾ ಅವರೇ, ಆ ಹುಡುಗನಿಗೆ ಧೈರ್ಯ ಹೇಳಿ. ದಾರಿ ಇದೆ.

ಜಿಎಸ್‌ಟಿ ನಿಯಮದಲ್ಲಿ ಒಂದಕ್ಕಿಂತ ಹೆಚ್ಚು ಬಿಲ್ ಸೀರೀಸ್ ಇಟ್ಟುಕೊಳ್ಳಬಹುದು. ನಂಬರ್ ಕ್ರಮವಾಗಿ ಇರಬೇಕು, 16 ಅಕ್ಷರ ಮೀರಬಾರದು, ಅದೇ ಹಣಕಾಸು ವರ್ಷದಲ್ಲಿ ಒಂದು ನಂಬರ್ ಎರಡು ಸಲ ಬರಬಾರದು. ಹಳೇ ಸೀರೀಸ್ ಮುಟ್ಟದೆ ಹೊಸ ಅಕ್ಷರದಿಂದ ಇನ್ನೊಂದು ಸೀರೀಸ್ ಇವತ್ತೇ ಶುರು ಮಾಡಲಿ. ಇ-ವೇ ಬಿಲ್‌ಗೆ ಟ್ಯಾಲಿ ಬೇಕಾಗಿಲ್ಲ, ಸರಕಾರದ ಪೋರ್ಟಲ್‌ನಲ್ಲೇ ಮಾಡಬಹುದು. ಲಾಕ್ ಆದ ಕಂಪ್ಯೂಟರ್‌ನಿಂದ ಮಾತ್ರ ಲಾಗಿನ್ ಆಗಬಾರದು. ಬೇರೆ ಶುದ್ಧ ಲ್ಯಾಪ್‌ಟಾಪ್‌ನಿಂದ ಮೊದಲು ಪಾಸ್‌ವರ್ಡ್ ಬದಲಾಯಿಸಲಿ. ಬ್ಯಾಂಕ್, ಮೇಲ್, ಜಿಎಸ್‌ಟಿ ಮೂರರದ್ದೂ. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ಎಲ್ಲ ಅವರ ಕೈಗೆ ಹೋಗಿದೆ ಅಂತಲೇ ಅಂದುಕೊಳ್ಳಬೇಕು. ಅವರು ಇ-ಇನ್ವಾಯ್ಸ್ (ಬಿಲ್ಲನ್ನು ಸರಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವುದು) ಮಿತಿಯಲ್ಲಿ ಇದ್ದರೆ, ಅಂದರೆ 5 ಕೋಟಿಗಿಂತ ಜಾಸ್ತಿ ವಹಿವಾಟು ಇದ್ದರೆ, ಅದನ್ನೂ ತಪ್ಪದೆ ಮಾಡಬೇಕು, ತಮ್ಮ ಸಿಎ ಹತ್ತಿರ ಕೂತು ಮಾಡಿಸಿಕೊಳ್ಳಲಿ.

ಹಳೇ ಲೆಕ್ಕ ಕಟ್ಟಲು ಮೊದಲು ಪೋರ್ಟಲ್‌ಗೆ ಹೋಗಬೇಕು. ಮಾರಿದ ಬಿಲ್‌ಗಳು ಹಿಂದೆ ಸಲ್ಲಿಸಿದ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1ರಲ್ಲಿ ಇವೆ. ಖರೀದಿ ಬಿಲ್‌ಗಳು, ಸಪ್ಲೈಯರ್‌ಗಳು ಸಲ್ಲಿಸಿದಷ್ಟು, ಅದೇ ಪೋರ್ಟಲ್‌ನ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಕಾಣುತ್ತವೆ. ದುಡ್ಡು ಬಂದು ಹೋದದ್ದು ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿದೆ. ಯಾರು ಎಷ್ಟು ಬಾಕಿ ಅಂತ ತಿಳಿಯಲು ಕಸ್ಟಮರ್‌ಗಳಿಗೇ ಪತ್ರ ಬರೆದು ಲೆಡ್ಜರ್ ಕೇಳಬಹುದು, ಹೆಚ್ಚಿನವರು ಕೊಡುತ್ತಾರೆ. ಆಡಿಟರ್ ಹತ್ತಿರ ಕಳೆದ ವರ್ಷದ ಟ್ಯಾಲಿ ಪ್ರತಿ ಇರುವ ಸಾಧ್ಯತೆ ತುಂಬಾ ಇದೆ, ಅದನ್ನು ಮೊದಲು ವಿಚಾರಿಸಿ. ಸ್ಟಾಕ್ ಮಾತ್ರ ಎಣಿಸಲೇಬೇಕು. ಕೆಲಸವಿಲ್ಲದೆ ಕೂತಿರುವ ಆಪರೇಟರ್‌ಗಳನ್ನೇ ಅದಕ್ಕೆ ಹಚ್ಚಲಿ.

ಇನ್ನೊಂದು ಮಾತು, ಸಂಬಳದ ಬಗ್ಗೆ. ಎರಡು ಬೇರೆ ಬೇರೆ ಬ್ಯಾಂಕಿನಲ್ಲಿ ಖಾತೆ ಇಟ್ಟುಕೊಳ್ಳಿ. 2024ರ ಜುಲೈ ಕೊನೆಯಲ್ಲಿ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕ್‌ಗಳಿಗೆ ಸಾಫ್ಟ್‌ವೇರ್ ಸೇವೆ ಕೊಡುವ ಸಿ-ಎಡ್ಜ್ ಅನ್ನುವ ಕಂಪನಿಗೆ ರ‍್ಯಾನ್ಸಮ್‌ವೇರ್ ಬಿತ್ತು. ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಅದರ ಸಂಪರ್ಕ ಕತ್ತರಿಸಿತು. ಸುಮಾರು 300 ಸಣ್ಣ ಬ್ಯಾಂಕ್‌ಗಳ ಯುಪಿಐ, ಎಟಿಎಂ ಸೇವೆ ನಿಂತು ಆಗಸ್ಟ್ 1ಕ್ಕೆ ಸರಿಹೋಯಿತು. ಆ ಬ್ಯಾಂಕ್‌ಗಳ ತಪ್ಪು ಏನೂ ಇರಲಿಲ್ಲ, ಗ್ರಾಹಕರದ್ದಂತೂ ಇಲ್ಲವೇ ಇಲ್ಲ. ತಿಂಗಳ ಕೊನೆಯ ದಿನ ಅದು, ಸಂಬಳ ಹಾಕುವ ಹೊತ್ತು.

ನಿಮ್ಮಲ್ಲಿ ಇವತ್ತಿನಿಂದಲೇ ಪ್ರತಿ ಸಂಜೆ ಕೊನೆಯ ಬಿಲ್ ನಂಬರ್, ಕೊನೆಯ ಚಲನ್ ನಂಬರ್, ಬಾಕಿ ಆರ್ಡರ್ ಪಟ್ಟಿ ಒಂದು ಹಾಳೆ ಪ್ರಿಂಟ್ ತೆಗೆದು ಫೈಲ್‌ಗೆ ಹಾಕಿ. ಪಕ್ಕದವರ ಹುಡುಗನಿಗೆ 2ಬಿ ಡೌನ್‌ಲೋಡ್ ಮಾಡುವುದು ತಿಳಿಯದಿದ್ದರೆ ಇಲ್ಲೇ ಕೇಳಲಿ, ನಾನು ರಾತ್ರಿ ನೋಡಿ ಉತ್ತರಿಸುತ್ತೇನೆ.